ಮೋಡ್ಲಾರಾಯ್ಟ್‌ನಲ್ಲೊಂದು ಬಾಂದುಕಲ್ಲು

ಅಕ್ಟೋಬರ್ 31ರ ಬೆಳಿಗ್ಗೆ ಜರ್ಮನಿಯ ಹೋಫ್ ಪಟ್ಟಣದ ಅಂಗಡಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನ ಅದೇ ಬೀದಿಯಲ್ಲಿ ಪಾರಿವಾಳಗಳನ್ನು ಬಿಟ್ಟರೆ ಹೆಚ್ಚುಕಡಿಮೆ ನಾನೊಬ್ಬನೇ ಇದ್ದೆ. ಏನಾದರೂ ಜಾತ್ರೆಯೇ ಎಂದು ಅಕ್ಕನ ಮಗಳನ್ನು ಕೇಳಿದೆ.

"ಇಲ್ಲಿ ಏನೂ ಇಲ್ಲ ಮಾವ. ಇವತ್ತು ಅವರಿಗೆ ರಜೆ, ಅದಕ್ಕೆ ಸಾಮಾನು ಕೊಳ್ಳಲು ಬಂದಿದ್ದಾರೆ."

ಅವರು ಎಂದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆಗಿನ ಥುರಿಂಜಿಯಾ ಮತ್ತು ಸ್ಯಾಕ್ಸನಿ ರಾಜ್ಯದವರು. 1517ರಲ್ಲಿ ಮಾರ್ಟಿನ್ ಲೂಥರ್ ಚರ್ಚಿನ ಮುಂದೆ ತನ್ನ 95 ಆಕ್ಷೇಪಗಳನ್ನು ಇಟ್ಟ ದಿನವೆಂದು ಅಲ್ಲಿ ಅಕ್ಟೋಬರ್ 31 ಸರ್ಕಾರಿ ರಜೆ. ಹೋಫ್ ಇರುವ ಬವೇರಿಯಾಕ್ಕೆ ಆ ರಜೆ ಇಲ್ಲ. ಇಲ್ಲಿ ಮರುದಿನ, ನವೆಂಬರ್ 1ರ ಸಕಲ ಸಂತರ ದಿನದಂದು ಬಾಗಿಲು ಮುಚ್ಚುತ್ತಾರೆ, ಅದು ಅವರಿಗಿಲ್ಲ. ಇವತ್ತು ಅವರು ಇಲ್ಲಿ, ನಾಳೆ ಇವರು ಅಲ್ಲಿ.

ಇದನ್ನು ಕೇಳಿದ್ದೇ ನನ್ನ ಹಳೆಯ ಚಟ ತಲೆಯೆತ್ತಿತು. ಮೂವತ್ತಕ್ಕೂ ಹೆಚ್ಚು ವರ್ಷ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು ನಾನು. ಯಾವ ಊರಿಗೆ ಹೋದರೂ ಗೋಪುರಕ್ಕಿಂತ ಮೊದಲು ಹೊಲದ ಬದು ಕಣ್ಣಿಗೆ ಬೀಳುತ್ತದೆ. "ಹಾಗಾದರೆ ಸರಹದ್ದು ಎಲ್ಲಿ ಹಾಯುತ್ತದೆ? ಕಲ್ಲು ನೆಟ್ಟಿದ್ದಾರೆಯೇ?" ಎಂದೆ. ಹುಡುಗಿ ನಕ್ಕಳು. "ಸರಹದ್ದೇ ನೋಡಬೇಕೆಂದರೆ ಒಂದು ಊರಿದೆ. ಊರಿನ ನಡುವೆಯೇ ಹಾಯುತ್ತದೆ. ಮಧ್ಯಾಹ್ನ ನನ್ನ ತರಗತಿ ಮುಗಿಯಲಿ, ಹೋಗೋಣ."

ಅವಳು ಓದುತ್ತಿರುವುದು ಹೋಫ್‌ನ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ. ಬವೇರಿಯಾಕ್ಕೂ ಕರ್ನಾಟಕಕ್ಕೂ 2007ರಿಂದ ಸಹಭಾಗಿತ್ವದ ಸಂಬಂಧವಿದೆ. ಅದರ ಕೆಲಸ ನೋಡಿಕೊಳ್ಳುವ ಬವೇರಿಯಾ-ಭಾರತ ಕೇಂದ್ರವೂ ಅದೇ ಆವರಣದಲ್ಲಿದೆ. ಹಾಗಾಗಿ ಹೋಫ್‌ನಂಥ ಮೂಲೆಯ ಪಟ್ಟಣದಲ್ಲೂ ಬಸ್ಸಿಗೆ ಕಾಯುತ್ತಾ ನಿಂತರೆ ಒಮ್ಮೊಮ್ಮೆ ಹಿಂದಿನಿಂದ ಕನ್ನಡ ಕೇಳಿಸುತ್ತದೆ. ಇದು 2019ರ ಮಾತು.

ಟೋಪೆನ್ ಎಂಬ ಊರಿನವರೆಗೆ ಬಸ್ಸು, ಅಲ್ಲಿಂದ ಮೋಡ್ಲಾರಾಯ್ಟ್‌ಗೆ ಮುಕ್ಕಾಲು ಗಂಟೆಯ ನಡಿಗೆ. ಏರಿಳಿತದ ನೆಲ, ಮಳೆಯಲ್ಲಿ ನೆನೆದ ಕಪ್ಪು ಉಳುಮೆ, ಅಲ್ಲಲ್ಲಿ ಆಗಷ್ಟೇ ಮೊಳೆತ ಗೋಧಿಯ ಹಸಿರು. ಬದುವೇ ಇಲ್ಲದ ಹೊಲಗಳು. ಒಬ್ಬನ ಹೊಲ ಎಲ್ಲಿ ಮುಗಿಯಿತು, ಇನ್ನೊಬ್ಬನದು ಎಲ್ಲಿ ಶುರುವಾಯಿತು ಎನ್ನುವುದಕ್ಕೆ ಬೆಳೆಯ ಬಣ್ಣವೊಂದೇ ಗುರುತು. ನಮ್ಮ ಕಡೆ ಹೀಗಿದ್ದರೆ ವಾರಕ್ಕೊಂದು ಹದ್ದುಬಸ್ತು ಅರ್ಜಿ ಬರುತ್ತಿತ್ತು ಎಂದೆ. ಚಳಿಗೆ ಮೂಗು ಕೆಂಪಾಗಿದ್ದ ಹುಡುಗಿಗೆ ಆ ಮಾತಿನಲ್ಲಿ ಆಸಕ್ತಿ ಹುಟ್ಟಲಿಲ್ಲ.

ಊರು ತಗ್ಗಿನಲ್ಲಿದೆ. ಮೇಲಿನಿಂದ ನೋಡಿದರೆ ಕಪ್ಪು ಛಾವಣಿಯ ಮನೆಗಳು, ಕೊಟ್ಟಿಗೆಗಳು, ಬೋಳಾಗುತ್ತಿರುವ ಮರಗಳು, ಅಷ್ಟೇ. ಜನಸಂಖ್ಯೆ ಐವತ್ತರ ಆಸುಪಾಸು. ಒಂದು ಮದುವೆಯ ಪಂಕ್ತಿಗೂ ಸಾಲದಷ್ಟು ಜನ. ಈ ಐವತ್ತು ಜನಕ್ಕೆ ಎರಡು ರಾಜ್ಯ, ಎರಡು ಜಿಲ್ಲೆ, ಇಬ್ಬರು ಮೇಯರ್‌ಗಳು. ಇತ್ತಣ ಮನೆಗಳು ಬವೇರಿಯಾದ ಹೋಫ್ ಜಿಲ್ಲೆಯ ಟೋಪೆನ್ ಪಂಚಾಯಿತಿಗೆ ಸೇರುತ್ತವೆ, ಅತ್ತಣವು ಥುರಿಂಜಿಯಾದ ಗೆಫೆಲ್ ಪುರಸಭೆಗೆ. ನಡುವೆ ಹರಿಯುವುದು ಟಾನ್‌ಬಾಖ್ ಎಂಬ ಹಳ್ಳ.

ಹಳ್ಳ ಎನ್ನುವುದಕ್ಕೂ ಸಂಕೋಚವಾಗುತ್ತದೆ. ನಮ್ಮ ತೋಟದ ಕಾಲುವೆ ಇದಕ್ಕಿಂತ ಅಗಲ. ನೀರು ಮೊಣಕಾಲಿಗೂ ಬರುವಂತಿರಲಿಲ್ಲ. ತಳದ ಕಲ್ಲುಗಳಿಗೆ ಪಾಚಿ ಹಿಡಿದಿತ್ತು, ಒಂದು ಕಲ್ಲಿನ ಅಂಚಿಗೆ ಹಳದಿ ಎಲೆಗಳು ಒತ್ತೊತ್ತಾಗಿ ಸಿಕ್ಕಿಕೊಂಡು ನಡುಗುತ್ತಿದ್ದವು. ಅರವತ್ತೆರಡರ ನಾನೂ ಒಂದು ದೊಡ್ಡ ಹೆಜ್ಜೆ ಹಾಕಿ ದಾಟಿದೆ, ಮತ್ತೆ ಈಚೆಗೆ ಬಂದೆ. 1952ರಿಂದ 1989ರವರೆಗೆ, ಮೂವತ್ತೇಳು ವರ್ಷ, ಆ ಒಂದು ಹೆಜ್ಜೆಯನ್ನು ಈ ಊರಿನವರು ಇಡುವಂತಿರಲಿಲ್ಲ.

ಹಳ್ಳದ ಬದಿಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಮೊಣಕಾಲೆತ್ತರದ ಬಾಂದುಕಲ್ಲು, ತಲೆಯ ಮೇಲೆ ಪಾಚಿ. ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಕೆರೆದೆ. ಒಂದು ಕಡೆ ಕೆ, ಬಿ ಎಂಬ ಎರಡು ಅಕ್ಷರ, ಇನ್ನೊಂದು ಕಡೆ ಎಫ್, ಆರ್. ಮೊದಲಿನದು ಬವೇರಿಯಾ ರಾಜ್ಯ, ಎರಡನೆಯದು ರಾಯ್ಸ್ ಸಂಸ್ಥಾನ ಎಂದು ಹುಡುಗಿ ಬಿಡಿಸಿ ಹೇಳಿದಳು. 1810ರಲ್ಲಿ ನೆಟ್ಟ ಕಲ್ಲು. ನಮ್ಮ ಬಾಂದುಕಲ್ಲುಗಳಿಗೆ ಅಕ್ಷರದ ಭಾಗ್ಯವಿಲ್ಲ. ನೆಟ್ಟಲ್ಲೇ ಉಳಿದರೆ ಅದೇ ಪುಣ್ಯ.

1810 ಏಕೆಂದರೆ, ಆ ವರ್ಷ ಬವೇರಿಯಾದ ರಾಜ ನೆಪೋಲಿಯನ್‌ನಿಂದ ಈ ದಡವೂ ಸೇರಿದ್ದ ಬೈರಾಯ್ಟ್ ಸೀಮೆಯನ್ನು ಹಣ ಕೊಟ್ಟು ಕೊಂಡ. ಕ್ರಯವಾದ ಮೇಲೆ ಅಳತೆ ಆಗಲೇಬೇಕಲ್ಲ, ಕಲ್ಲು ನೆಟ್ಟರು. ಆದರೆ ಗೆರೆ ಹೊಸದಲ್ಲ. ಅದಕ್ಕೂ ಮೊದಲೇ ಬೈರಾಯ್ಟ್‌ನ ದೊರೆಗೂ ರಾಯ್ಸ್ ಮನೆತನಕ್ಕೂ ಈ ಹಳ್ಳವೇ ಎಲ್ಲೆಯಾಗಿತ್ತು. ಈ ರಾಯ್ಸ್ ಮನೆತನದ್ದು ಒಂದು ವಿಚಿತ್ರ. ಅಲ್ಲಿ ಹುಟ್ಟುವ ಗಂಡುಮಕ್ಕಳಿಗೆಲ್ಲ ಒಂದೇ ಹೆಸರು, ಹೈನ್ರಿಖ್. ಗುರುತಿಗೆ ಅಂಕಿ ಹಾಕುತ್ತಿದ್ದರು. ಕಿರಿಯ ಶಾಖೆಯವರು ಶತಮಾನ ಬದಲಾದಾಗ ಮತ್ತೆ ಒಂದರಿಂದ ಎಣಿಸುತ್ತಿದ್ದರು. ಅವರ ಪಹಣಿ ಬರೆದ ಶಾನುಭೋಗ ಯಾರೋ, ಅವನ ಪಾಡು ನೆನೆದು ಮರುಗಿದೆ.

ಗೆರೆ ಇತ್ತು, ಕಲ್ಲೂ ಇತ್ತು, ಊರು ಮಾತ್ರ ಒಂದೇ ಆಗಿತ್ತು. ಶಾಲೆ ಮತ್ತು ಹೆಂಡದಂಗಡಿ ಎರಡೂ ಥುರಿಂಜಿಯಾದ ದಡದಲ್ಲಿ. ಚರ್ಚು ಬವೇರಿಯಾದ ಟೋಪೆನ್‌ನಲ್ಲಿ. ಮಕ್ಕಳು ಬೆಳಿಗ್ಗೆ ಹಳ್ಳ ದಾಟಿ ಅಕ್ಷರ ಕಲಿತರು, ಗಂಡಸರು ಸಂಜೆ ದಾಟಿ ಬಿಯರ್ ಕುಡಿದರು, ಭಾನುವಾರ ಆ ದಡದವರು ಈ ಕಡೆಗೆ ಪ್ರಾರ್ಥನೆಗೆ ಬಂದರು. ತೆರಿಗೆಯ ಚೀಟಿ ಬೇರೆ ಬೇರೆ ಕಚೇರಿಯಿಂದ ಬರುತ್ತಿತ್ತು ಎನ್ನುವುದನ್ನು ಬಿಟ್ಟರೆ ಎರಡು ಸೀಮೆ ಎನ್ನುವುದು ದಿನದ ಬದುಕಿಗೆ ತಾಕುತ್ತಿರಲಿಲ್ಲ. ಸಂಸ್ಥಾನಗಳು ಹೋಗಿ 1920ರಲ್ಲಿ ಥುರಿಂಜಿಯಾ ರಾಜ್ಯವಾದಾಗಲೂ ಹಾಗೇ ನಡೆಯಿತು.

1945ರಲ್ಲಿ ಗೆದ್ದವರು ಜರ್ಮನಿಯನ್ನು ಹಂಚಿಕೊಂಡಾಗ ಹೊಸ ಗೆರೆ ಎಳೆಯುವ ಶ್ರಮ ತೆಗೆದುಕೊಳ್ಳಲಿಲ್ಲ. ಹಳೆಯ ರಾಜ್ಯಗಳ ಎಲ್ಲೆಯನ್ನೇ ವಲಯಗಳ ಎಲ್ಲೆ ಮಾಡಿದರು. ಬವೇರಿಯಾ ಅಮೆರಿಕದ ವಲಯ, ಥುರಿಂಜಿಯಾ ಸೋವಿಯತ್ ವಲಯ. ನಕ್ಷೆಯ ಮೇಲೆ ಅನುಕೂಲದ ಕೆಲಸ. ಆ ಅನುಕೂಲದಲ್ಲಿ ಮೊಣಕಾಲು ಮುಳುಗದ ಹಳ್ಳವೊಂದು ಮೊದಲು ಎರಡು ಸೈನ್ಯಗಳ, 1949ರಲ್ಲಿ ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿ ಎಂಬ ಎರಡು ದೇಶಗಳ ಸರಹದ್ದಾಯಿತು. ಆಗಲೂ ಕೆಲಕಾಲ ಚೀಟಿ ತೋರಿಸಿ ದಾಟಬಹುದಿತ್ತು.

1952ರ ಮೇ 26ರಂದು ಪೂರ್ವ ಜರ್ಮನಿಯ ಸರ್ಕಾರ ಗಡಿಯ ಹೊಸ ಕಾನೂನು ಹೊರಡಿಸಿತು. ಎಲ್ಲೆಗೆ ಅಂಟಿ ಹತ್ತು ಮೀಟರ್ ಅಗಲದ ಪಟ್ಟಿಯನ್ನು ಬೋಳುಮಾಡಿ ಉಳಬೇಕು. ಅದರಾಚೆ ಐನೂರು ಮೀಟರ್ ಕಾವಲಿನ ಪಟ್ಟಿ. ಒಟ್ಟು ಐದು ಕಿಲೋಮೀಟರ್ ನಿರ್ಬಂಧಿತ ವಲಯ. ಹತ್ತು ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ಮೂವತ್ತಮೂರು ಅಡಿ, ಹದಿನಾರು ಆಣೆಯ ಒಂದು ಸರಪಳಿ. ಊರಿನಲ್ಲಿರುವ ಮ್ಯೂಸಿಯಂನ ಬಯಲಿನಲ್ಲಿ ಆ ಪಟ್ಟಿಯ ಒಂದು ತುಣುಕನ್ನು ಉಳಿಸಿದ್ದಾರೆ. ನಾನು ಅಭ್ಯಾಸಬಲದಿಂದ ಹೆಜ್ಜೆ ಹಾಕಿ ಅಳೆದೆ. ಉತ್ತು, ಹರಗಿ, ಹಿಟ್ಟಿನಂತೆ ನಯಮಾಡಿದ ಮಣ್ಣು. ಬಿತ್ತುವುದಕ್ಕಲ್ಲ, ರಾತ್ರಿ ದಾಟಿದವನ ಹೆಜ್ಜೆ ಮೂಡಲಿ ಎಂದು. ಸರಪಳಿ ಹಿಡಿದು ಅದನ್ನು ಗುರುತು ಹಾಕಿಕೊಟ್ಟವನು ಯಾವನೋ ನನ್ನಂಥವನೇ ಇದ್ದಿರಬೇಕು. ಅಳೆದು ಕೊಡು ಎಂದರು, ಅಳೆದು ಕೊಟ್ಟ. ನನ್ನ ನಕ್ಷೆಗಳು ಆಮೇಲೆ ಯಾರ ಮೇಜಿಗೆ ಹೋದವು, ಯಾವುದಕ್ಕೆ ಬಳಕೆಯಾದವು ಎಂದು ನಾನೂ ಎಂದೂ ಕೇಳಿದವನಲ್ಲ.

ಅದೇ ಜೂನ್‌ನಲ್ಲಿ ಊರಿನ ನಡುವೆ ಆಳೆತ್ತರದ ಮರದ ಹಲಗೆಯ ಬೇಲಿ ಎದ್ದಿತು. ಬರ್ಲಿನ್ನಿನಲ್ಲಿ ಗೋಡೆ ಏಳುವುದಕ್ಕೆ ಇನ್ನೂ ಒಂಬತ್ತು ವರ್ಷವಿತ್ತು. ಗಡಿಗುಂಟ ನಂಬಿಕೆಗೆ ಅರ್ಹರಲ್ಲ ಎನಿಸಿದ ಕುಟುಂಬಗಳನ್ನು ರಾತ್ರೋರಾತ್ರಿ ಮನೆ ಬಿಡಿಸಿ ಒಳನಾಡಿಗೆ ಸಾಗಿಸಿದರು. ಇಡೀ ಗಡಿಯಲ್ಲಿ ಹಾಗೆ ಎಬ್ಬಿಸಿದವರು 8,000ಕ್ಕೂ ಹೆಚ್ಚು. ಥುರಿಂಜಿಯಾದಲ್ಲಿ ಆ ಕಾರ್ಯಾಚರಣೆಗೆ ಇಟ್ಟ ಗುಪ್ತ ಹೆಸರಿನ ಅರ್ಥ ಕ್ರಿಮಿಕೀಟ. ಕಚೇರಿಯ ಭಾಷೆ ನನಗೆ ಹೊಸದಲ್ಲ, ಆದರೆ ಆ ಪದ ಓದಿದ ಮೇಲೆ ಮ್ಯೂಸಿಯಂನ ಆ ಫಲಕದ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಶಾಲೆ ಅತ್ತ ಉಳಿಯಿತು, ಚರ್ಚು ಇತ್ತ. ಅತ್ತಣವರಿಗೆ ಇನ್ನೂ ಒಂದು ಕಟ್ಟುಪಾಡು: ಹಳ್ಳದಾಚೆ ನಿಂತ ಅಣ್ಣನಿಗೋ ಅತ್ತೆಗೋ ಕೈ ಬೀಸುವಂತಿಲ್ಲ, ನಮಸ್ಕಾರ ಎನ್ನುವಂತಿಲ್ಲ. ಬೇರೆ ಊರಿನ ನೆಂಟರು ಆ ದಡಕ್ಕೆ ಬರಬೇಕಾದರೆ ಪರವಾನಗಿ ಬೇಕು, ಪಶ್ಚಿಮದವರಿಗೆ ಅದೂ ಇಲ್ಲ. 1973ರಿಂದ ಗಡಿ ಜಿಲ್ಲೆಗಳ ಪಶ್ಚಿಮದವರು ದಿನದ ಭೇಟಿಗೆ ಪೂರ್ವಕ್ಕೆ ಹೋಗಬಹುದಿತ್ತು, ಆದರೆ ನಿರ್ಬಂಧಿತ ವಲಯದೊಳಕ್ಕಲ್ಲ. ಎಂದರೆ ಹಳ್ಳದ ಈ ದಡದವನು ಆ ದಡದ ತಮ್ಮನನ್ನು ಕಾಣಬೇಕಾದರೆ ದೂರದ ಹೆದ್ದಾರಿಯ ಚೌಕಿಯಲ್ಲಿ ತಪಾಸಣೆಗೆ ನಿಂತು, ಷ್ಲೈಟ್ಸ್‌ನಂಥ ಮೂರನೆಯ ಊರಿಗೆ ಹೋಗಿ, ಅಲ್ಲಿ ಕೂತು ಕಾಫಿ ಕುಡಿದು ಬರಬೇಕು. ಮನೆಯಿಂದ ಮನೆಗೆ ಕೂಗಳತೆ.

ಬೇಲಿಯ ಜಾಗಕ್ಕೆ ಗೋಡೆ ಬಂದದ್ದು 1966ರಲ್ಲಿ. ಏಳುನೂರು ಮೀಟರ್ ಉದ್ದದ ಕಾಂಕ್ರೀಟು, ಎಪ್ಪತ್ತು ಸರಪಳಿ. ಅಮೆರಿಕದ ಸೈನಿಕರು ಊರಿಗೆ ಪುಟ್ಟ ಬರ್ಲಿನ್ ಎಂದು ಹೆಸರಿಟ್ಟರು. ಅದರಲ್ಲಿ ನೂರು ಮೀಟರಿನಷ್ಟನ್ನು ಇವತ್ತಿಗೂ ಕೆಡವದೆ ಬಿಟ್ಟಿದ್ದಾರೆ. ಪಕ್ಕಕ್ಕೆ ಹೋಗಿ ಕೈ ಎತ್ತಿ ನಿಂತು ನೋಡಿದೆ, ಬೆರಳ ತುದಿಯಿಂದ ಮೇಲಂಚಿಗೆ ಇನ್ನೂ ನಾಲ್ಕು ಅಡಿ ಬಾಕಿ. ಹುಡುಗಿ ಫೋಟೊ ತೆಗೆದಳು. ಫೋಟೊದಲ್ಲಿ ನಾನು ಶರಣಾಗಿ ನಿಂತವನಂತೆ ಕಾಣುತ್ತೇನೆ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಕಸುಬಿನಿಂದ: ಗೋಡೆ ಸರಹದ್ದಿನ ಮೇಲಿಲ್ಲ. ಸರಹದ್ದು ಹಳ್ಳದಲ್ಲಿದೆ, ಗೋಡೆ ಅದರಿಂದ ಹಿಂದೆ ಸರಿದು ಪೂರ್ವದ ನೆಲದಲ್ಲಿ ನಿಂತಿದೆ. ಬಂದವರು ಹಳ್ಳದವರೆಗೂ ಹೋಗಿ ಗೋಡೆಯ ಫೋಟೊ ತೆಗೆಯಬಹುದಿತ್ತು, ನೀರಿಗೆ ಕಾಲಿಟ್ಟರೆ ಮಾತ್ರ ಇನ್ನೊಂದು ದೇಶ. ಎಷ್ಟೋ ಜನರಿಗೆ ಗೋಡೆಯೇ ಗಡಿ ಎಂದು ಭ್ರಮೆ. ಒತ್ತುವರಿಯ ಮೊಕದ್ದಮೆಗಳಲ್ಲೂ ಹೀಗೇ, ಕಣ್ಣಿಗೆ ಕಾಣುವ ಬೇಲಿಯನ್ನೇ ಎಲ್ಲರೂ ಎಲ್ಲೆ ಎನ್ನುತ್ತಾರೆ, ಕಲ್ಲು ಪೊದೆಯೊಳಗೆ ಇರುತ್ತದೆ.

ಈ ಗೋಡೆಯನ್ನು ದಾಟಿ ಪಾರಾದವನು ಒಬ್ಬನೇ ಎಂದು ಹೇಳುತ್ತಾರೆ. 1973ರಲ್ಲಿ ಒಬ್ಬ ಚಾಲಕ ತನ್ನ ವ್ಯಾನನ್ನು ಗೋಡೆಯ ಮಗ್ಗುಲಿಗೆ ತಂದು ನಿಲ್ಲಿಸಿ, ಅದರ ಮಾಡಿನಿಂದ ಏಣಿ ಹಾಕಿ ಹತ್ತಿ ಹಾರಿದ. ಹತ್ತು ವರ್ಷದ ನಂತರ, 1983ರ ಫೆಬ್ರವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ ಜಾರ್ಜ್ ಬುಷ್ ಈ ದಡಕ್ಕೆ ಬಂದು ಗೋಡೆ ನೋಡಿ ಹೋದರು.

1989ರ ನವೆಂಬರ್ 9ರಂದು ಬರ್ಲಿನ್ನಿನಲ್ಲಿ ಗೋಡೆ ತೆರೆದ ಸುದ್ದಿ ಲೋಕಕ್ಕೆಲ್ಲ ಗೊತ್ತು. ಇಲ್ಲಿ ಮಾತ್ರ ಗೋಡೆ ಹಾಗೇ ನಿಂತಿತ್ತು. ಜನ ಮೇಣದ ಬತ್ತಿ ಹಿಡಿದು ಸೇರಿದರು, ಕೇಳಿದರು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 9ರಂದು, ನಡೆದು ದಾಟಲು ದಾರಿ ಬಿಟ್ಟರು. 1990ರ ಜೂನ್ 17ರಂದು ಯಂತ್ರ ತಂದು ಗೋಡೆಯನ್ನು ಎಳೆದು ಹಾಕಿದರು.

ಇಷ್ಟು ನೋಡುವ ಹೊತ್ತಿಗೆ ಬೆಳಕು ಇಳಿದಿತ್ತು. ಹಿಂದಿನ ಭಾನುವಾರವಷ್ಟೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು, ಐದಾಗುವ ಮೊದಲೇ ಕತ್ತಲು. ಹುಡುಗಿ ಮೊಬೈಲಿನಲ್ಲಿ ಬಸ್ಸಿನ ವೇಳಾಪಟ್ಟಿ ನೋಡಿ ಮುಖ ಸಣ್ಣ ಮಾಡಿದಳು. ನಾವು ನಂಬಿಕೊಂಡಿದ್ದ ಬಸ್ಸಿನ ಪಕ್ಕ ಒಂದು ಸಣ್ಣ ಅಕ್ಷರವಿತ್ತಂತೆ: ಶಾಲಾ ದಿನಗಳಲ್ಲಿ ಮಾತ್ರ. ಬವೇರಿಯಾದ ಶಾಲೆಗಳಿಗೆ ಆ ವಾರ ಶರತ್ಕಾಲದ ರಜೆ. ಥುರಿಂಜಿಯಾದವರು ಆ ರಜೆ ಮುಗಿಸಿ ಎರಡು ವಾರವಾಗುತ್ತಾ ಬಂದಿತ್ತು. ಒಂದು ಕಡೆ ಕಚೇರಿಗೆ ಕೆಲಸ, ಶಾಲೆಗೆ ರಜೆ. ಇನ್ನೊಂದು ಕಡೆ ಈ ದಿನ ಎರಡಕ್ಕೂ ರಜೆ, ನಾಳೆ ಎರಡೂ ತೆರೆಯುತ್ತವೆ. ಐವತ್ತು ಜನರ ಊರಿನಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳು ಒಟ್ಟಿಗೆ ಆಡಲು ಪಂಚಾಂಗ ನೋಡಬೇಕು.

ನಾವು ಹಳ್ಳದ ಸೇತುವೆಯ ಬಳಿ ಹೀಗೆ ನಿಂತಿರುವಾಗ ನಾಯಿಯನ್ನು ತಿರುಗಾಡಿಸುತ್ತಿದ್ದ ಹಿರಿಯರೊಬ್ಬರು ಬಂದರು. ಹುಡುಗಿ ಬವೇರಿಯಾದ ರೂಢಿಯಂತೆ "ಗ್ರ್ಯೂಸ್ ಗಾಟ್" ಎಂದಳು, ಎಂದರೆ ದೇವರು ನಿಮ್ಮನ್ನು ಹರಸಲಿ. ಅವರು "ಗೂಟನ್ ಟಾಗ್" ಎಂದರು, ಶುಭ ದಿನ. ಹಾಗೆಂದ ಮೇಲೆ ಅವರು ಯಾವ ದಡದವರು ಎಂದು ಕೇಳಬೇಕಾಗಿರಲಿಲ್ಲ. ಸಂಗತಿ ತಿಳಿದು, ನಾಯಿಯನ್ನು ಮನೆಗೆ ಬಿಟ್ಟು ಕಾರು ತಂದರು, ಹೋಫ್‌ವರೆಗೂ ಬಿಡುತ್ತೇನೆ ಎಂದರು. ಹತ್ತುವಾಗ ನೋಡಿದೆ, ನಂಬರ್ ಪ್ಲೇಟಿನಲ್ಲಿ ಥುರಿಂಜಿಯಾದ ಅವರ ಜಿಲ್ಲೆಯ ಮೂರಕ್ಷರ. ಎದುರು ದಡದ ಅಂಗಳದಲ್ಲಿ ನಿಂತ ಕಾರಿಗೆ ಹೋಫ್‌ನ ಎರಡಕ್ಷರ. ಅವರ ದಡದ ಕಂಬಗಳಲ್ಲಿ ಚುನಾವಣೆಯ ಭಿತ್ತಿಪತ್ರಗಳು ಇನ್ನೂ ತೂಗುತ್ತಿದ್ದವು, ಥುರಿಂಜಿಯಾ ನಾಲ್ಕು ದಿನದ ಹಿಂದೆ ಮತ ಹಾಕಿತ್ತು. ಈಚೆ ದಡದ ಕಂಬಗಳು ಖಾಲಿ.

ದಾರಿಯಲ್ಲಿ ಅವರು ಮಾತಾಡಿದ್ದೆಲ್ಲ ಸಣ್ಣ ಸಣ್ಣ ವಿಷಯ. ಪಿನ್‌ಕೋಡ್ ಬೇರೆ. ದೂರವಾಣಿಯ ಊರಸಂಖ್ಯೆ ಬೇರೆ, ಎದುರು ಮನೆಗೆ ಫೋನ್ ಮಾಡಲು ಪೂರ್ತಿ ಅಂಕಿ ಒತ್ತಬೇಕು. ಮೊಬೈಲ್ ಬಂದ ಮೇಲೆ ಆ ತಾಪತ್ರಯ ತಗ್ಗಿದೆ. ಕಸದ ಲಾರಿ ಬರುವುದು ಬೇರೆ ಬೇರೆ ಜಿಲ್ಲೆಯಿಂದ. ಅಕ್ಟೋಬರ್ 3ರ ಏಕತಾ ದಿನದಂದು ಸಾವಿರಾರು ಜನ ಬಂದು ಭಾಷಣ ಕೇಳಿ ಹೋಗುತ್ತಾರೆ, ಮರುದಿನದಿಂದ ಮತ್ತೆ ಹಸು, ಹುಲ್ಲು, ಸೌದೆ. ಗೋಡೆಯ ಬಗ್ಗೆ ನಾನು ಏನೋ ಕೇಳಿದೆ. ಅದನ್ನೆಲ್ಲ ಮ್ಯೂಸಿಯಂನಲ್ಲಿ ಚೆನ್ನಾಗಿ ಬರೆದಿದ್ದಾರೆ ಎಂದು ಹೇಳಿ ಗೇರು ಬದಲಿಸಿದರು.

ನಾನು ನಿವೃತ್ತ ಸರ್ಕಾರಿ ನೌಕರ ಎಂದು ಹುಡುಗಿ ಹೇಳಿದಾಗ ಮಾತ್ರ ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಪಿಂಚಣಿ ಎಷ್ಟು ಬರುತ್ತದೆ ಎಂದು ಕೇಳಿದರು. ಹೇಳಿದೆ. ಅವರ ಲೆಕ್ಕವನ್ನೂ ಹೇಳಿದರು. ದೇಶ ಒಂದಾಗಿ ಮೂವತ್ತು ವರ್ಷವಾಗುತ್ತಾ ಬಂದರೂ ಪಿಂಚಣಿಯ ದರದಲ್ಲಿ ಪೂರ್ವ ಪಶ್ಚಿಮ ಎಂಬ ಎರಡು ಪಟ್ಟಿ ಆಗಿನ್ನೂ ಇತ್ತು. ಪಿಂಚಣಿ ಲೆಕ್ಕದ ಅಂಕಗಳನ್ನು ಸಮಸಮ ಗಳಿಸಿದವರಲ್ಲೂ ಪೂರ್ವದವನಿಗೆ ನೂರಕ್ಕೆ ಮೂರೂವರೆ ಕಡಿಮೆ. 2024ರ ಹೊತ್ತಿಗೆ ಸಮ ಮಾಡುವ ಕಾನೂನು ಆಗಿತ್ತು. "ಆಗ ನನಗೆ ಎಂಬತ್ತೆರಡು" ಎಂದರು. ಪಿಂಚಣಿಯ ವಿಷಯದಲ್ಲಿ ಇಬ್ಬರಿಗೂ ಭಾಷಾಂತರದ ಅಗತ್ಯವೇ ಬೀಳದಷ್ಟು ಹೊಂದಿಕೆಯಾಯಿತು, ಹೋಫ್ ಬಂದದ್ದೇ ಗೊತ್ತಾಗಲಿಲ್ಲ.

ಮರುದಿನ ನವೆಂಬರ್ 1. ಬೆಳಿಗ್ಗೆ ಕಾಫಿಗೆ ಹಾಲಿಲ್ಲ. ಹೋಫ್‌ನಲ್ಲಿ ಒಂದು ಅಂಗಡಿಯೂ ತೆರೆದಿಲ್ಲ, ಹಿಂದಿನ ದಿನ ನೂಕುನುಗ್ಗಲಿದ್ದ ಬೀದಿ ತೊಳೆದಿಟ್ಟಂತೆ ಖಾಲಿ. ನಿನ್ನೆಯೇ ತಂದಿಡಬೇಕಿತ್ತು ಎಂದು ಹುಡುಗಿ ತನ್ನನ್ನೇ ಬೈದುಕೊಂಡಳು. ಅವಳ ಜೊತೆ ಮನೆ ಹಂಚಿಕೊಂಡಿರುವ ಗೆಳತಿಯ ಬಳಿ ಹಳೆಯ ಕಾರೊಂದಿದೆ. ಮೂವರೂ ಸ್ವೆಟರ್ ಹಾಕಿಕೊಂಡು ರಾಜ್ಯ ದಾಟಿ ಗೆಫೆಲ್‌ಗೆ ಹೋದೆವು. ಅಲ್ಲಿ ಅದು ಮಾಮೂಲು ಶುಕ್ರವಾರ. ಚೀಲ ಬೆನ್ನಿಗೇರಿಸಿದ ಮಕ್ಕಳು ರಸ್ತೆಯಲ್ಲಿ ಕಾಣಿಸಿದರು. ಅಂಗಡಿಯ ಮುಂದೆ ನಿಂತ ಕಾರುಗಳನ್ನು ಎಣಿಸಿದೆ: ಒಟ್ಟು ಹದಿನಾಲ್ಕು, ಅದರಲ್ಲಿ ಒಂಬತ್ತು ಹೋಫ್‌ನವು.

ಎರಡು ಲೀಟರ್ ಹಾಲು ತಂದೆವು. ಒಂದು ಲೀಟರನ್ನು ಕಾಯಿಸಿ, ಆರಿಸಿ, ಹೆಪ್ಪು ಹಾಕಿ, ಆ ಚಳಿಗೆ ಹೆಪ್ಪುಗಟ್ಟುವುದಿಲ್ಲವೆಂದು ಪಾತ್ರೆಗೆ ನನ್ನ ಮಫ್ಲರ್ ಸುತ್ತಿ ಹೀಟರಿನ ಮೇಲೆ ಇಟ್ಟೆ. ಬೆಳಿಗ್ಗೆ ನೋಡಿದರೆ ಮೊಸರು ಕಡಾಖಂಡಿತ ಹುಳಿ. ಹೀಟರನ್ನು ಎರಡರಲ್ಲಿ ಇಡಬೇಕಿತ್ತು, ನಾಲ್ಕರಲ್ಲಿ ಇಟ್ಟಿದ್ದೀರಿ ಮಾವ ಎಂದು ಹುಡುಗಿ ಗೊಣಗುತ್ತಲೇ ಎರಡು ಬಾರಿ ಬಡಿಸಿಕೊಂಡಳು.